ಸಹಿ ಹಾಕುವಾಗ ಹುಡುಗರು ನಮ್ಮ ಕೈ ನೋಡುತ್ತಿರುತ್ತಾರೆ

ಐಟಿಐ ಎಲೆಕ್ಟ್ರಿಷಿಯನ್ ಟ್ರೇಡಿನ ಸಿಲಬಸ್‌ನಲ್ಲಿ ಒಂದು ಪುಟ ಇದೆ. ಅದನ್ನು ಸಾಮಾನ್ಯವಾಗಿ ಯಾರೂ ಓದುವುದಿಲ್ಲ. ತಪಾಸಣೆಗೆ ಯಾರಾದರೂ ಬಂದಾಗ ಮಾತ್ರ ತೆಗೆಯುತ್ತೇವೆ. ಹುಡುಗರಿಗೆ ಇಂಟರ್ನಲ್ ಅಂಕ ಹೇಗೆ ಕೊಡಬೇಕು ಅಂತ ಅದರಲ್ಲಿ ಬರೆದಿದ್ದಾರೆ. ಸೇಫ್ಟಿ ಬಗ್ಗೆ ಎಚ್ಚರ ಇದೆಯಾ, ಕೆಲಸದ ಜಾಗ ಚೊಕ್ಕವಾಗಿ ಇಟ್ಟುಕೊಳ್ಳುತ್ತಾನಾ, ಟೈಮಿಗೆ ಬರುತ್ತಾನಾ, ಮ್ಯಾನ್ಯುಯಲ್ ಓದಿ ಅದರಂತೆ ಮಾಡುತ್ತಾನಾ, ಸಾಮಾನು ದಂಡ ಮಾಡದೆ ಬಳಸುತ್ತಾನಾ, ಸ್ಕ್ರ್ಯಾಪ್ ಆದದ್ದನ್ನು ಸರಿಯಾದ ಕಡೆ ಹಾಕುತ್ತಾನಾ, ಜೊತೆಯವರ ಜೊತೆ ಹೊಂದಿಕೊಂಡು ಕೆಲಸ ಮಾಡುತ್ತಾನಾ, ನಡವಳಿಕೆ ಹೇಗೆ. ಇಷ್ಟನ್ನೂ ನೋಡಿ ಅಂಕ ಹಾಕಬೇಕು. ಒಳ್ಳೆಯ ಪಟ್ಟಿ, ನನಗೇನೂ ತಕರಾರಿಲ್ಲ. ಆದರೆ ಇದೇ ಪಟ್ಟಿ ಹಿಡಿದುಕೊಂಡು ಹುಡುಗರು ನಮಗೆ ಅಂಕ ಹಾಕಲು ಕೂತರೆ ನಮ್ಮಲ್ಲಿ ಎಷ್ಟು ಜನ ಪಾಸಾಗುತ್ತೇವೆ?

ಹಾಕುವುದಿಲ್ಲ ಅಂದುಕೊಳ್ಳಬೇಡಿ. ದಿನಾ ಹಾಕುತ್ತಾರೆ. ಬಸ್ ಸ್ಟ್ಯಾಂಡಿನಲ್ಲಿ, ಹಾಸ್ಟೆಲಿನಲ್ಲಿ, ಮಧ್ಯಾಹ್ನ ಡಬ್ಬಿ ಬಿಚ್ಚಿದಾಗ ಅವರು ಮಾತಾಡುವುದು ನಮ್ಮ ಬಗ್ಗೆಯೇ.

ನಾನು ಜೆಟಿಒ, ಅಂದರೆ ಕಿರಿಯ ತರಬೇತಿ ಅಧಿಕಾರಿ. ಹೆಸರಿನಲ್ಲಿ ಅಧಿಕಾರಿ ಅಂತ ಇದೆ ಅಷ್ಟೇ, ಮಾಡುವುದು ವರ್ಕ್‌ಶಾಪಿನಲ್ಲಿ ಹುಡುಗರ ಜೊತೆ ನಿಂತು ವೈರಿಂಗ್ ಕಲಿಸುವ ಕೆಲಸ. ಹುಡುಗರು ಅಂದರೆ ಹುಡುಗಿಯರೂ ಸೇರಿ. ನಮ್ಮ ಟ್ರೇಡಿಗೆ ಈಗ ಹುಡುಗಿಯರು ಬರುತ್ತಿದ್ದಾರೆ, ಮತ್ತು ಪ್ಯಾನೆಲ್ ವೈರಿಂಗ್‌ನಲ್ಲಿ ಕೇಬಲ್ ಡ್ರೆಸ್ಸಿಂಗ್ ಅವರಷ್ಟು ಅಚ್ಚುಕಟ್ಟಾಗಿ ಹುಡುಗರು ಮಾಡುವುದಿಲ್ಲ. ಅದಿರಲಿ.

ಡಿಗ್ರಿ ಕಾಲೇಜಿನ ಮೇಷ್ಟ್ರಿಗೂ ನಮಗೂ ಒಂದು ದೊಡ್ಡ ವ್ಯತ್ಯಾಸ ಇದೆ. ಅವರು ಒಂದು ಗಂಟೆ ಪಾಠ ಮಾಡಿ ಸ್ಟಾಫ್ ರೂಮಿಗೆ ಹೋಗುತ್ತಾರೆ. ನಾವು ಬೆಳಗ್ಗೆಯಿಂದ ಸಂಜೆವರೆಗೆ, ಎರಡು ವರ್ಷ, ಅದೇ 20 ಹುಡುಗರ ಕಣ್ಣೆದುರಿಗೇ ಇರುತ್ತೇವೆ. ಸ್ಟೋರಿನವರ ಜೊತೆ ನಾವು ಹೇಗೆ ಮಾತಾಡುತ್ತೇವೆ, ಫೋನ್ ಬಂದರೆ ಏನು ಮಾಡುತ್ತೇವೆ, ಸ್ಕ್ರೂಡ್ರೈವರ್ ಕೆಳಗೆ ಬಿದ್ದರೆ ನಾವೇ ಎತ್ತುತ್ತೇವಾ ಇಲ್ಲ ಯಾರನ್ನಾದರೂ ಕೂಗುತ್ತೇವಾ, ಎಲ್ಲಾ ಕಾಣುತ್ತೆ. ಅದರ ಮೇಲೆ ಇನ್ನೊಂದು. ಎಸ್ಸೆಸ್ಸೆಲ್ಸಿ ಮುಗಿಸಿ ಬರುವ ಈ ಮಕ್ಕಳಲ್ಲಿ ಬಹಳ ಜನರ ಮನೆಯಲ್ಲಿ ಶಿಫ್ಟ್, ಪಂಚಿಂಗ್, ಸೂಪರ್‌ವೈಸರ್, ಹ್ಯಾಂಡೋವರ್ ಇವೆಲ್ಲ ಇರುವ ಕೆಲಸ ಮಾಡಿದವರು ಯಾರೂ ಇರುವುದಿಲ್ಲ. ಅಪ್ಪ ಹೊಲ ನೋಡುತ್ತಾರೆ, ಇಲ್ಲ ಆಟೋ ಓಡಿಸುತ್ತಾರೆ, ಇಲ್ಲ ಗಾರೆ ಕೆಲಸ. ಅವರು ನಮಗಿಂತ ಜಾಸ್ತಿ ದುಡಿಯುವವರೇ. ಆದರೆ ಟೈಮಿಗೆ ಹೋಗಿ, ಬರೆದಿಟ್ಟ ನಿಯಮದಂತೆ ಕೆಲಸ ಮಾಡಿ, ಮಾಡಿದ್ದನ್ನು ಬರೆದು ಸಹಿ ಹಾಕುವ ನೌಕರಿಯ ಮನುಷ್ಯನನ್ನು ಅವರು ಹತ್ತಿರದಿಂದ ನೋಡುವುದು ಮೊದಲ ಸಲ ನಮ್ಮಲ್ಲೇ. ಪೀಣ್ಯಕ್ಕೋ, ಬಿಡದಿಗೋ, ನರಸಾಪುರಕ್ಕೋ ಕಾರ್ಖಾನೆ ಕೆಲಸಕ್ಕೆ ಹೋಗಿ ಅವನು ಮೊದಲ ದಿನ ಗೇಟಿನ ಒಳಗೆ ಕಾಲಿಟ್ಟಾಗ ಅವನ ತಲೆಯಲ್ಲಿ ಕೆಲಸದ ಮನುಷ್ಯ ಅಂದರೆ ಹೀಗೆ ಅಂತ ಇರುವ ಚಿತ್ರ ನಮ್ಮದೇ.

ಒಂದು ಉದಾಹರಣೆ ಕೊಡುತ್ತೇನೆ, ನಮ್ಮ ಟ್ರೇಡಿನದ್ದೇ. ಒಂದು ಡಿಬಿ, ಅಂದರೆ ಡಿಸ್ಟ್ರಿಬ್ಯೂಷನ್ ಬೋರ್ಡ್, ಬಿಚ್ಚಬೇಕು. ಮೇನ್ ಆಫ್ ಮಾಡಿದ್ದಾಯಿತು. ಈಗ ಕರೆಂಟ್ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳುವುದು ಹೇಗೆ? ಪುಸ್ತಕದಲ್ಲಿ ಇರುವ ಕ್ರಮ ಇದು. ಮೊದಲು ಟೆಸ್ಟ್ ಲ್ಯಾಂಪನ್ನೋ ಮಲ್ಟಿಮೀಟರನ್ನೋ ಕರೆಂಟ್ ಇರುವ ಬೇರೆ ಪಾಯಿಂಟಿನಲ್ಲಿ ಹಿಡಿದು ಅದು ಕೆಲಸ ಮಾಡುತ್ತಿದೆ ಅಂತ ನೋಡಬೇಕು. ಆಮೇಲೆ ನಾವು ಕೈ ಹಾಕುವ ಜಾಗದಲ್ಲಿ ಲೈನ್-ನ್ಯೂಟ್ರಲ್, ಲೈನ್-ಅರ್ತ್, ನ್ಯೂಟ್ರಲ್-ಅರ್ತ್ ಮೂರೂ ನೋಡಬೇಕು. ಅದು ಮುಗಿದ ಮೇಲೆ ಮತ್ತೆ ಆ ಕರೆಂಟ್ ಇರುವ ಪಾಯಿಂಟಿಗೆ ವಾಪಸ್ ಬಂದು, ನಡುವೆ ಮೀಟರ್ ಕೈಕೊಟ್ಟಿಲ್ಲ ಅಂತ ನೋಡಬೇಕು. ತೆಗೆದ ಫ್ಯೂಸ್ ಕ್ಯಾರಿಯರ್ ನಮ್ಮ ಜೇಬಿನಲ್ಲೇ ಇರಬೇಕು, ಮೇನಿನ ಹತ್ತಿರ ‘ಕೆಲಸ ನಡೆಯುತ್ತಿದೆ, ಸ್ವಿಚ್ ಹಾಕಬೇಡಿ’ ಅಂತ ಬೋರ್ಡ್ ನೇತಾಡುತ್ತಿರಬೇಕು. ಇಷ್ಟು ಮಾಡುವುದಕ್ಕೆ ಹೆಚ್ಚು ಹೊತ್ತೇನೂ ಬೇಡ.

ವರ್ಕ್‌ಶಾಪುಗಳಲ್ಲಿ ನಿಜವಾಗಿ ನಡೆಯುವುದು ಬೇರೆ. ಸರ್ ಶರ್ಟ್ ಜೇಬಿನಿಂದ ನಿಯಾನ್ ಟೆಸ್ಟರ್ ತೆಗೆದು ಒಂದು ಕಡೆ ಮುಟ್ಟಿಸಿ, ‘ಹ್ಞೂಂ, ಇಲ್ಲ’ ಅಂದು ಕೈ ಹಾಕುತ್ತಾರೆ. ಆ ಟೆಸ್ಟರ್ ಬಿಸಿಲಿನಲ್ಲಿ ಉರಿದರೂ ಕಾಣುವುದಿಲ್ಲ. ಒಣ ಮರದ ಸ್ಟೂಲ್ ಮೇಲೆ ನಿಂತರೆ ಸರಿಯಾಗಿ ಉರಿಯುವುದೂ ಇಲ್ಲ. ಇದನ್ನೆಲ್ಲ ಅದೇ ಸರ್ ಥಿಯರಿ ಕ್ಲಾಸಿನಲ್ಲಿ ಬೋರ್ಡಿನ ಮೇಲೆ ಬರೆದಿರುತ್ತಾರೆ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ.

ಕೆಲವರದ್ದು ಇನ್ನೂ ಒಂದು ಹೆಜ್ಜೆ ಮುಂದೆ. ‘ನಾವು ಹಳೇ ಕಾಲದವರು ಕಣೋ, ಬೆರಳಲ್ಲೇ ನೋಡ್ತಿದ್ವಿ’ ಅಂತ ನಗುತ್ತಾ ಹೇಳುತ್ತಾರೆ. ಹುಡುಗರೂ ನಗುತ್ತಾರೆ. ಹದಿನಾರು ಹದಿನೇಳರ ಹುಡುಗನಿಗೆ ಆ ಕ್ಷಣದಲ್ಲಿ ಆ ಸರ್ ಹೀರೋ. ಪಾಠದಲ್ಲಿ ಹೇಳಿದ್ದು ಪರೀಕ್ಷೆಯವರೆಗೆ ನೆನಪಿರುತ್ತೆ, ಈ ಧಿಮಾಕು ಮಾತ್ರ ಅವನ ಜೊತೆ ಕಂಬದ ಮೇಲೆ ಹತ್ತುವ ತನಕ ಹೋಗುತ್ತೆ. ಗ್ಲೌಸ್ ಹಾಕಿಕೊಂಡವನನ್ನು ಹೆದರುಪುಕ್ಕಲ ಅನ್ನುವುದು ಎಲ್ಲಿಂದ ಶುರುವಾಯಿತು ಅಂತ ಹುಡುಕಿಕೊಂಡು ಹೋದರೆ ಬಹಳ ಸಲ ಒಬ್ಬ ಮೇಷ್ಟ್ರ ಹತ್ತಿರ ಬಂದು ನಿಲ್ಲುತ್ತೀರಿ.

ಇದು ನಮ್ಮ ಟ್ರೇಡಿಗೆ ಮಾತ್ರ ಸೇರಿದ್ದಲ್ಲ. 2003ರಲ್ಲಿ ಅಮೆರಿಕದಲ್ಲಿ ಆಸ್ಪತ್ರೆ ಸಿಬ್ಬಂದಿಯ ಬಗ್ಗೆ ಒಂದು ಅಧ್ಯಯನ ಪ್ರಕಟವಾಗಿತ್ತು. ರೋಗಿಯ ಕೋಣೆಯಲ್ಲಿ ಯಾರು ಕೈ ತೊಳೆಯುತ್ತಾರೆ, ಯಾರು ತೊಳೆಯುವುದಿಲ್ಲ ಅಂತ ನೋಡಿದ್ದರು. ಅಲ್ಲಿದ್ದ ಹಿರಿಯರು ಕೈ ತೊಳೆಯದಿದ್ದರೆ ಜೊತೆಗಿದ್ದವರೂ ತೊಳೆಯುವುದು ಬಹಳ ಕಡಿಮೆಯಾಗುತ್ತಿತ್ತು. ಕೈ ತೊಳೆಯಬೇಕು ಅನ್ನುವುದು ಅವರಿಗೆ ಗೊತ್ತಿಲ್ಲದ್ದೇನಲ್ಲ, ಅದೇ ವಿದ್ಯೆ ಕಲಿತು ಬಂದವರು. ಆದರೂ ದೊಡ್ಡವರು ಮಾಡಲಿಲ್ಲ ಅಂದ ಮೇಲೆ ನಾನೊಬ್ಬ ಹೋಗಿ ನಲ್ಲಿ ತಿರುಗಿಸಿದರೆ ಚೆನ್ನಾಗಿರಲ್ಲ ಅನ್ನಿಸಿರಬೇಕು. ನರ್ಸಿಂಗ್ ಕಲಿಸುವ ಒಬ್ಬ ಮೇಡಂಗೆ ಇದನ್ನು ಹೇಳಿದಾಗ ಅವರು ‘ಅದಕ್ಕೆ ಅಮೆರಿಕ ಯಾಕೆ ಸಾರ್, ನಮ್ಮ ವಾರ್ಡಿಗೆ ಬನ್ನಿ’ ಅಂದರು.

ಈಗ ಸಹಿಯ ವಿಷಯ. ನನಗೆ ಈ ಪೋಸ್ಟ್ ಬರೆಯಬೇಕು ಅನ್ನಿಸಿದ್ದೇ ಇದರಿಂದ.

ನಮ್ಮಲ್ಲಿ ಪ್ರತಿ ಪ್ರಾಕ್ಟಿಕಲ್‌ಗೂ ರೆಕಾರ್ಡ್ ಬರೆಯಬೇಕು. ಚಿತ್ರ, ಬೇಕಾದ ಸಾಮಾನು, ಮಾಡಿದ ಕ್ರಮ, ರೀಡಿಂಗ್, ತಾರೀಖು, ಕೆಳಗೆ ಹುಡುಗನ ಸಹಿ, ನಮ್ಮ ಸಹಿ. ಅನೇಕ ಕಡೆ ಇದು ಹೇಗೆ ನಡೆಯುತ್ತೆ ಅಂತ ಐಟಿಐ ಓದಿದ ಯಾರನ್ನು ಬೇಕಾದರೂ ಕೇಳಿ. ವರ್ಷವೆಲ್ಲ ರೆಕಾರ್ಡ್ ಖಾಲಿ. ಪರೀಕ್ಷೆ ಹತ್ತಿರ ಬಂದಾಗ ಸೀನಿಯರ್ ರೆಕಾರ್ಡ್ ಇಸಕೊಂಡು, ರಾತ್ರಿಯೆಲ್ಲ ಕೂತು ಇಡೀ ವರ್ಷದ್ದನ್ನು ನಕಲು ಹೊಡೆಯುತ್ತಾರೆ. ಹಳೇ ತಾರೀಖುಗಳನ್ನೂ ಸರ್ ಹೇಳಿಯೇ ಬರೆಸುತ್ತಾರೆ, ಭಾನುವಾರ ಬೀಳದ ಹಾಗೆ ಕ್ಯಾಲೆಂಡರ್ ನೋಡಿಕೊಂಡು. ಆಮೇಲೆ ಮೇಜಿನ ಮೇಲೆ ರೆಕಾರ್ಡುಗಳ ರಾಶಿ. ಒಬ್ಬ ಹುಡುಗ ಪುಟ ತಿರುಗಿಸುತ್ತಾ ಹೋಗುತ್ತಾನೆ, ಸರ್ ಸಹಿ ಹಾಕುತ್ತಾ ಹೋಗುತ್ತಾರೆ. ಮುಖ ಕೂಡ ಎತ್ತುವುದಿಲ್ಲ. ಮಧ್ಯೆ ಟೀ ಬರುತ್ತೆ.

ಆ ರೆಕಾರ್ಡ್ ತೆಗೆದು ಅರ್ತ್ ಟೆಸ್ಟರಿನ ಪ್ರಾಕ್ಟಿಕಲ್ ನೋಡಿ. ಇಪ್ಪತ್ತೂ ಜನರ ಅರ್ತ್ ರೆಸಿಸ್ಟೆನ್ಸ್ ಒಂದೇ. ಹಿಂದಿನ ಬ್ಯಾಚಿನದ್ದೂ ಅದೇ. ಅರ್ತ್ ಪಿಟ್‌ನ (ಅರ್ತ್ ತಂತಿಯನ್ನು ನೆಲಕ್ಕೆ ಜೋಡಿಸುವ ಗುಂಡಿ) ರೀಡಿಂಗ್ ಬೇಸಿಗೆಗೊಂದು ಮಳೆಗಾಲಕ್ಕೊಂದು ಇರುತ್ತೆ, ಮಣ್ಣು ಒಣಗಿದರೆ ಏರುತ್ತೆ, ನೀರು ಹಾಕಿದರೆ ಇಳಿಯುತ್ತೆ. ನಮ್ಮ ರೆಕಾರ್ಡಿನ ಭೂಮಿಗೆ ಮಾತ್ರ ಬೇಸಿಗೆಯೂ ಇಲ್ಲ, ಮಳೆಯೂ ಇಲ್ಲ! ಮೆಗ್ಗರ್ ಹಾಕಿ ಮೋಟಾರಿನ ಇನ್ಸುಲೇಶನ್ ನೋಡುವ ಪ್ರಾಕ್ಟಿಕಲ್‌ನ ಕಥೆಯೂ ಇದೇ.

‘ಏನು ಮಹಾ, ಒಂದು ರೆಕಾರ್ಡ್ ತಾನೆ’ ಅನ್ನುತ್ತಾರೆ. ಅಲ್ಲ. ಆ ಒಂದು ಮಧ್ಯಾಹ್ನ ಆ ಹುಡುಗ ಕಲಿತದ್ದು ಇಡೀ ವರ್ಷದ ಸೇಫ್ಟಿ ಪಾಠಕ್ಕಿಂತ ಗಟ್ಟಿ. ಬರೆದದ್ದಕ್ಕೂ ಮಾಡಿದ್ದಕ್ಕೂ ಸಂಬಂಧ ಇರಬೇಕಾಗಿಲ್ಲ ಅಂತ ಅವನು ಕಲಿತ. ಸಹಿ ಅನ್ನುವುದು ಮೇಲಿನವರಿಗೆ ತೋರಿಸಲು ಮಾತ್ರ ಅಂತ ಕಲಿತ. ಪುಸ್ತಕ ಓದಿ ಕಲಿತಿದ್ದಲ್ಲ, ತಾನು ಗೌರವ ಕೊಡುವ ಮನುಷ್ಯ ಮಾಡುವುದನ್ನು ಕಣ್ಣಾರೆ ನೋಡಿ ಕಲಿತಿದ್ದು.

ಅವನು ಕೆಲಸಕ್ಕೆ ಸೇರುತ್ತಾನೆ. ಮೇಂಟೆನೆನ್ಸ್ ವಿಭಾಗ. ದಿನಾ ಬೆಳಗ್ಗೆ ಡಿಜಿ ಸೆಟ್ಟಿನ, ಅಂದರೆ ಡೀಸೆಲ್ ಜನರೇಟರಿನ, ಚೆಕ್‌ಲಿಸ್ಟ್ ತುಂಬಬೇಕು: ಆಯಿಲ್ ಲೆವೆಲ್, ಕೂಲೆಂಟ್, ಬ್ಯಾಟರಿ ವೋಲ್ಟೇಜ್, ಡೀಸೆಲ್. ಅವನು ಹಿಂದಿನ ದಿನದ ಹಾಳೆ ನೋಡಿ ಅದನ್ನೇ ಇಳಿಸಿ ಟಿಕ್ ಹಾಕಿ ಸಹಿ ಮಾಡುತ್ತಾನೆ. ಹತ್ತಿರ ಹೋಗಿ ಡಿಪ್‌ಸ್ಟಿಕ್ ಎಳೆದು ನೋಡುವುದಿಲ್ಲ. ನಮ್ಮ ಹಳೇ ಹುಡುಗನೊಬ್ಬ ಈಗ ಒಂದು ಕಾರ್ಖಾನೆಯಲ್ಲಿ ಶಿಫ್ಟ್ ಇನ್‌ಚಾರ್ಜ್. ಊರಿಗೆ ಬಂದಾಗ ಸಿಕ್ಕಿ ಹೇಳಿದ: ‘ಸರ್, ಹೊಸ ಹುಡುಗರಿಗೆ ಕೆಲಸ ಬರಲ್ಲ ಅಂತ ನನಗೆ ಬೇಜಾರಿಲ್ಲ, ಅದನ್ನ ಕಲಿಸ್ತೀನಿ. ನೋಡದೇ ಬರೀತಾರಲ್ಲ, ಅದನ್ನ ಹೆಂಗೆ ಬಿಡಿಸೋದು?’ ನನ್ನ ಹತ್ತಿರ ಸಟ್ಟನೆ ಉತ್ತರ ಇರಲಿಲ್ಲ.

ಲೈನ್ ಕೆಲಸಕ್ಕೆ ಹೋದವರದ್ದು ಇನ್ನೂ ಗಂಭೀರ. ಲೈನ್ ಮೇಲೆ ಕೆಲಸ ಮಾಡುವ ಮೊದಲು ಸಬ್‌ಸ್ಟೇಷನ್ನಿನಿಂದ ಎಲ್‌ಸಿ, ಅಂದರೆ ಲೈನ್ ಕ್ಲಿಯರ್, ತಗೊಳ್ಳಬೇಕು. ಯಾವ ಫೀಡರ್, ಯಾರಿಗೆ, ಎಷ್ಟು ಹೊತ್ತಿಗೆ ಅಂತ ರಿಜಿಸ್ಟರಿನಲ್ಲಿ ಬರೆಯುತ್ತಾರೆ. ಎಲ್‌ಸಿ ತಗೊಂಡವನೇ ಅದನ್ನು ವಾಪಸ್ ಕೊಡಬೇಕು, ಆಮೇಲೇ ಲೈನಿಗೆ ಕರೆಂಟ್ ಬಿಡುವುದು. ಅದಾದರೂ ಸಾಲದು, ಕೆಲಸದ ಜಾಗದ ಎರಡೂ ಕಡೆ ಲೈನನ್ನು ಭೂಮಿಗೆ ಜೋಡಿಸುವ ಅರ್ತ್ ರಾಡ್ ಹಾಕಬೇಕು, ಯಾಕಂದರೆ ಯಾರದೋ ಮನೆಯ ಜನರೇಟರ್ ಚೇಂಜ್‌ಓವರ್ ಸ್ವಿಚ್ ಇಲ್ಲದೆ ಹಿಂದಿನಿಂದ ಲೈನಿಗೆ ಕರೆಂಟ್ ಕೊಡುತ್ತಿರಬಹುದು. ಈ ಇಡೀ ವ್ಯವಸ್ಥೆ ನಿಂತಿರುವುದು ಬರೆದದ್ದು ನಿಜ ಅನ್ನುವ ನಂಬಿಕೆಯ ಮೇಲೆ. ‘ಕೆಲಸ ಮುಗೀತು, ಎಲ್ಲರೂ ಕೆಳಗಿಳಿದರು’ ಅಂತ ಒಬ್ಬ ಹೇಳಿದರೆ ಎಲ್ಲರೂ ಕೆಳಗಿಳಿದಿರಬೇಕು. ಅಂದಾಜಿಗೆ ಹೇಳುವ ಅಭ್ಯಾಸ ಇದ್ದವನು ಅಲ್ಲಿ ಇರಬಾರದು. ಆ ಅಭ್ಯಾಸ ಅವನಿಗೆ ಕಂಬದ ಹತ್ತಿರ ಬಂದದ್ದಲ್ಲ.

ಹಾಜರಿಯದ್ದೂ ಇದೇ ಜಾತಿ. ಪರೀಕ್ಷೆಗೆ ಕೂರಲು 80% ಹಾಜರಿ ಬೇಕು. ಕೆಲವರದ್ದು ಕಡಿಮೆ ಇರುತ್ತೆ, ಅದಕ್ಕೆ ನಿಜವಾದ ಕಾರಣಗಳೂ ಇರುತ್ತವೆ. ಸುಗ್ಗಿ ಇರುತ್ತೆ, ಅಪ್ಪನಿಗೆ ಹುಷಾರಿರುವುದಿಲ್ಲ, ಬಸ್ಸೇ ಬರುವುದಿಲ್ಲ. ಪರಿಹಾರ ಹುಡುಕಬೇಕು ನಿಜ. ಹೆಚ್ಚುವರಿ ತರಗತಿ ಮಾಡಿ ಕಲಿಸಿ, ಮನೆಯವರನ್ನು ಮೊದಲೇ ಕರೆಸಿ ಮಾತಾಡಿ. ಕೊನೇ ವಾರದಲ್ಲಿ ಖಾಲಿ ಜಾಗಕ್ಕೆಲ್ಲ ‘ಪಿ’ ತುಂಬಿದರೆ ಕಷ್ಟಪಟ್ಟು ದಿನಾ ಬಂದ ಹುಡುಗನ ಮುಖದ ಮೇಲೆ ಹೊಡೆದ ಹಾಗೆ. ಅವನೂ ಅಲ್ಲೇ ನಿಂತು ನೋಡುತ್ತಿರುತ್ತಾನೆ.

ಉದ್ಯೋಗ ಕೌಶಲ, ಅಂದರೆ ಎಂಪ್ಲಾಯಬಿಲಿಟಿ ಸ್ಕಿಲ್ಸ್ ಅಂತ ನಮ್ಮಲ್ಲಿ ಒಂದು ಪ್ರತ್ಯೇಕ ವಿಷಯವೇ ಇದೆ. ಸಮಯ ಪಾಲನೆ, ಮಾತಿನ ರೀತಿ, ತಂಡದಲ್ಲಿ ಕೆಲಸ, ಇಂಟರ್‌ವ್ಯೂ. ನನಗೆ ಆ ವಿಷಯದ ಬಗ್ಗೆ ಗೌರವ ಇದೆ, ಇಂಗ್ಲಿಷ್ ಹೆದರಿಕೆ ಬಿಡಿಸುವುದಕ್ಕೆ ಅದು ನಿಜವಾಗಿ ಉಪಯೋಗಕ್ಕೆ ಬರುತ್ತೆ. ಆದರೆ ಸಮಯ ಪಾಲನೆಯ ಪಾಠ ಅರ್ಧ ಗಂಟೆ ತಡವಾಗಿ ಶುರುವಾದರೆ ಅದು ಪಾಠ ಅಲ್ಲ, ಜೋಕು. ಕ್ಲಾಸಿನಲ್ಲಿ ತಂಡದ ಬಗ್ಗೆ ಹೇಳಿ, ಹೊರಗೆ ಬಂದು ಪಕ್ಕದ ಫಿಟ್ಟರ್ ಸೆಕ್ಷನ್ನಿನ ಮೇಷ್ಟ್ರನ್ನು ಹುಡುಗರ ಮುಂದೆಯೇ ಆಡಿಕೊಳ್ಳುವುದೂ ಅಷ್ಟೇ. ಗುಡಿಸುವ ಅಮ್ಮನಿಗೆ ನಾವು ‘ಏನಮ್ಮ, ಊಟ ಆಯ್ತಾ’ ಅಂದರೆ ಹುಡುಗರೂ ಹಾಗೇ ಮಾತಾಡಿಸುತ್ತಾರೆ. ‘ಏಯ್’ ಅಂದರೆ ಅವರೂ ‘ಏಯ್’.

ನನಗೆ ತುಂಬಾ ಹಿಡಿಸಿದ ಒಂದು ವಿಷಯ ಹೇಳಲೇಬೇಕು. 2022ರಲ್ಲಿ ರಾಜ್ಯದ 150 ಸರ್ಕಾರಿ ಐಟಿಐಗಳನ್ನು ಟಾಟಾ ಟೆಕ್ನಾಲಜೀಸ್ ಜೊತೆ ಸೇರಿ ಮೇಲ್ದರ್ಜೆಗೆ ಏರಿಸಿದರಲ್ಲ, ಆಗ ರೋಬೋಟ್, ಸಿಎನ್‌ಸಿ, ಎಲೆಕ್ಟ್ರಿಕ್ ವಾಹನ ಅಂತ ಎಲ್ಲಾ ಒಟ್ಟಿಗೆ ಬಂದವು. ನಮ್ಮಂಥವರು ಕಲಿತದ್ದು ಕಾಂಟ್ಯಾಕ್ಟರ್, ಸ್ಟಾರ್-ಡೆಲ್ಟಾ ಸ್ಟಾರ್ಟರ್ ಕಾಲದಲ್ಲಿ. ಕೆಲವು ಹಿರಿಯರು ಆ ಹೊಸ ಕಟ್ಟಡದ ಕಡೆ ತಲೆಯೇ ಹಾಕಲಿಲ್ಲ. ಕೇಳಿದರೆ ‘ನನ್ನ ಸರ್ವಿಸ್ ಇನ್ನೆಷ್ಟಿದೆ ಬಿಡಿ’ ಅಂತಿದ್ದರು. ಆದರೆ ನನಗೆ ಗೊತ್ತಿರುವ ಒಬ್ಬರು, ನಿವೃತ್ತಿಗೆ ಹತ್ತಿರ ಇದ್ದವರು, ಪಿಎಲ್‌ಸಿ, ಅಂದರೆ ಮೆಷಿನ್ ನಡೆಸುವ ಕಂಪ್ಯೂಟರಿನ, ಕ್ಲಾಸಿಗೆ ಬಂದು ಹುಡುಗರ ಸಾಲಿನಲ್ಲೇ ಕೂರುತ್ತಿದ್ದರು. ಕನ್ನಡಕ ಏರಿಸಿಕೊಂಡು, ಇನ್ನೂರು ಪೇಜಿನ ನೋಟ್‌ಬುಕ್ಕಿನಲ್ಲಿ ಲ್ಯಾಡರ್ ಡಯಾಗ್ರಾಮ್ ಸ್ಕೇಲ್ ಇಟ್ಟು ಬಿಡಿಸುತ್ತಿದ್ದರು. ಪಕ್ಕದ ಹುಡುಗನನ್ನೇ ‘ಲೇ ತಮ್ಮಾ, ಈ ಟೈಮರ್ ಬಿಟ್ ಎಲ್ಲಿಂದ ಬಂತು, ಇನ್ನೊಂದ್ ಸಲ ತೋರ್ಸು’ ಅಂತ ಕೇಳುತ್ತಿದ್ದರು. ಆ ಹುಡುಗ ಮೊದಲು ಕಕ್ಕಾಬಿಕ್ಕಿ. ಆಮೇಲೆ ನಿಧಾನಕ್ಕೆ, ಬಹಳ ಮರ್ಯಾದೆಯಿಂದ, ಮೌಸ್ ಹಿಡಿದು ತೋರಿಸಿದ. ಆ ಬ್ಯಾಚಿನಲ್ಲಿ ‘ಅರ್ಥ ಆಗಲಿಲ್ಲ ಸರ್’ ಅಂತ ಕೈ ಎತ್ತುವವರು ಜಾಸ್ತಿಯಾದರು. ಗೊತ್ತಿಲ್ಲ ಅನ್ನುವುದು ಅವಮಾನ ಅಲ್ಲ ಅಂತ ಯಾರೂ ಭಾಷಣ ಮಾಡಿರಲಿಲ್ಲ.

ಇನ್ನೊಂದು ಮಾತು. ವೃತ್ತಿಪರ ನಡವಳಿಕೆ ಅಂದ ತಕ್ಷಣ ನಮ್ಮಲ್ಲಿ ಇನ್‌ಶರ್ಟ್, ಶೂ, ತಲೆ ಬಾಚಿರುವುದು, ‘ಎಸ್ ಸರ್’ ಅನ್ನುವುದು ಅಂತ ಅಂದುಕೊಳ್ಳುತ್ತಾರೆ. ಅಷ್ಟೇ ಆದರೆ ಅದು ವಿಧೇಯತೆ. ಸುರಕ್ಷಿತ ಅಲ್ಲದ ಕೆಲಸ ಹೇಳಿದರೆ ‘ಇದು ಈಗ ಆಗಲ್ಲ ಸರ್, ಲೈನ್ ಆಫ್ ಆಗಲಿ’ ಅನ್ನುವ ಧೈರ್ಯವೂ ವೃತ್ತಿಯ ಭಾಗ. 1961ರ ಅಪ್ರೆಂಟಿಸ್ ಕಾಯ್ದೆಯಲ್ಲಿ ತನಗೆ ಸ್ಟೈಪೆಂಡ್, ಕೆಲಸದ ಹೊತ್ತು, ರಜೆ ಎಲ್ಲದಕ್ಕೂ ನಿಯಮ ಇದೆ ಅಂತ ತಿಳಿದು ಮರ್ಯಾದೆಯಿಂದ ಕೇಳುವುದೂ ಅದರ ಭಾಗವೇ. ಇದನ್ನು ಹುಡುಗ ಎಲ್ಲಿ ನೋಡಬೇಕು? ಮೇಲಿನ ಅಧಿಕಾರಿ ವರ್ಕ್‌ಶಾಪಿಗೆ ಬಂದಾಗ ಅವನ ಸರ್ ಬೆನ್ನು ಬಗ್ಗಿಸಿ, ಕೆಟ್ಟು ನಿಂತ ಮೆಷಿನ್ನನ್ನು ಚೆನ್ನಾಗಿದೆ ಸರ್ ಅಂತ ತೋರಿಸಿದರೆ ಅವನು ಅದನ್ನೇ ಕಲಿಯುತ್ತಾನೆ. ‘ಸರ್, ಈ ಮೋಟಾರ್ ಸುಟ್ಟಿದೆ, ಇಂಡೆಂಟ್ ಹಾಕಿ ಇಷ್ಟು ದಿನ ಆಯ್ತು, ಇನ್ನೂ ಬಂದಿಲ್ಲ’ ಅಂತ ನೆಟ್ಟಗೆ ನಿಂತು ಹೇಳಿದರೆ ಅದನ್ನು ಕಲಿಯುತ್ತಾನೆ.

ಇಷ್ಟೆಲ್ಲ ಓದಿದ ಮೇಲೆ ನನ್ನ ಸಹೋದ್ಯೋಗಿಗಳು ಏನು ಹೇಳುತ್ತಾರೆ ಗೊತ್ತು. ಹುದ್ದೆ ಖಾಲಿ, ಒಬ್ಬನೇ ಎರಡು ಯೂನಿಟ್ (ಬ್ಯಾಚ್) ನೋಡಬೇಕು, ಪೋರ್ಟಲ್ಲಿನಲ್ಲಿ ಡೇಟಾ ತುಂಬಬೇಕು, ಅಡ್ಮಿಷನ್ ಕೆಲಸ, ಚುನಾವಣೆ ಕೆಲಸ. ಅತಿಥಿ ಬೋಧಕರಾಗಿ ಬಂದವರ ಸಂಬಳ ತಿಂಗಳುಗಟ್ಟಲೆ ತಡವಾದರೆ ಅವರ ಮುಂದೆ ನಿಂತು ವೃತ್ತಿ ನಿಷ್ಠೆ ಅಂತ ಬಾಯಿಬಿಡಲು ನನಗೂ ನಾಚಿಕೆಯಾಗುತ್ತೆ. ಇದೆಲ್ಲ ನಿಜ. ಮೇಲಿನವರು ಸರಿಮಾಡಬೇಕಾದ್ದು, ಅದಕ್ಕೆ ಅವರನ್ನು ಬಿಡದೆ ಕೇಳಬೇಕು.

ಆದರೆ ರೆಕಾರ್ಡ್ ಸಹಿಗೆ ಹುದ್ದೆ ಭರ್ತಿಯಾಗುವ ತನಕ ಕಾಯಬೇಕಾಗಿಲ್ಲ. ಪ್ರಾಕ್ಟಿಕಲ್ ಮುಗಿದ ಮೇಲೆ ಪ್ಯಾನೆಲ್ ಎದುರೇ, ಹುಡುಗನ ಕಚ್ಚಾ ರೀಡಿಂಗ್ ಹಾಳೆಯ ಮೇಲೆ ಅವತ್ತಿನ ತಾರೀಖು ಹಾಕಿ ಸಹಿ ಮಾಡಬಹುದು. ಫೇರ್ ಆಗಿ ಬರೆಯುವುದು ಆಮೇಲೆ, ಈ ಹಾಳೆಯನ್ನು ಅದರ ಜೊತೆಗೇ ಅಂಟಿಸಲಿ. ಕಚ್ಚಾ ಹಾಳೆ ಇಲ್ಲದಿದ್ದರೆ ಸಹಿ ಇಲ್ಲ. ನಾನು ಹೀಗೇ ಮಾಡುತ್ತೇನೆ. ಶುರುವಿನಲ್ಲಿ ಹುಡುಗರು ಗೊಣಗುತ್ತಾರೆ, ರೀಡಿಂಗ್ ತಪ್ಪು ಬಂದರೆ ಹೊಡೆದು ಹಾಕಿ ‘ಸರಿಯಾದ್ದು’ ಬರೆಯಲು ನೋಡುತ್ತಾರೆ. ತಪ್ಪು ಬಂದದ್ದನ್ನು ಹಾಗೇ ಬಿಡು, ಯಾಕೆ ಬಂತು ಅಂತ ಪಕ್ಕದಲ್ಲಿ ಬರಿ ಅನ್ನುತ್ತೇನೆ. ಈ ಸಲದ ಹಾಳೆಗಳಲ್ಲಿ ಒಬ್ಬಳು ಅರ್ತ್ ರೀಡಿಂಗ್ ಪಕ್ಕದಲ್ಲಿ ಬರೆದಿದ್ದಾಳೆ: ‘ರೀಡಿಂಗ್ ಜಾಸ್ತಿ ಬಂದಿದೆ. ಪಿಟ್‌ಗೆ ನೀರು ಹಾಕಿ ಬಹಳ ದಿನ ಆಗಿದೆ. ಸರ್‌ಗೆ ಎರಡು ಸಲ ಹೇಳಿದೆ.’

ಅದರ ಕೆಳಗೂ ಸಹಿ ಹಾಕಿದ್ದೇನೆ. ನೀರು ಹಾಕಿಸಬೇಕು.